ಚಂಡೋಲ ಹಕ್ಕಿಗಳ ಚೀಟಿ

ಈಗ ಮ್ಯೂಸಿಯಂ ಎನ್ನುವ ಅಜಾಯಬ್‌ಖಾನೆಯ ಕೆಲಸಕ್ಕೆ ಹೊಸದಾಗಿ ಸೇರಿದವರು ಆಗಾಗ ನನ್ನ ಮನೆಗೆ ಬರುತ್ತಾರೆ. ಚಹಾ ಕುಡಿಯುತ್ತಾರೆ, ಹಕ್ಕಿಯ ತೊಗಲನ್ನು ಹರಿಯದಂತೆ ಸುಲಿಯುವುದು ಹೇಗೆ ಎಂದು ಕೇಳುತ್ತಾರೆ. ಅದು ಕೈಗೆ ಬರುವ ವಿದ್ಯೆ. ಮೂರು ತಿಂಗಳು ಮಾಡಿದರೆ ತಾನಾಗಿ ಬರುತ್ತದೆ, ನಾನು ಬಾಯಲ್ಲಿ ಹೇಳಿ ಉಪಯೋಗವಿಲ್ಲ. ಅವರು ಕೇಳದೆ ಬಿಡುವ ಸಂಗತಿ ಒಂದಿದೆ, ಅದನ್ನು ಬರೆಯಲು ಈಗ ಕುಳಿತಿದ್ದೇನೆ. ನನಗೆ ಯಾವ ವರ್ಷ ಯಾವ ಬಡ್ತಿ ಸಿಕ್ಕಿತು ಎನ್ನುವುದು ನನ್ನ ಹೆಂಡತಿ ಭಾಗಮ್ಮನಿಗೆ ಬಾಯಿಪಾಠ. ಬೇಕಾದವರು ಅವಳನ್ನೇ ಕೇಳಿಕೊಳ್ಳಲಿ.

ನಾನು ಹುಟ್ಟಿದ್ದು ಕಲ್ಯಾಣಿಯಲ್ಲಿ. ಈಗ ಬಸವಕಲ್ಯಾಣ ಎನ್ನುವ ಊರಿಗೆ ಆಗ ಎಲ್ಲರೂ ಅನ್ನುತ್ತಿದ್ದದ್ದು ಹಾಗೆ. ನಮ್ಮದು ಢೋರ ಗಲ್ಲಿ. ತರವಡದ ತೊಗಟೆಯ ನೀರಿನಲ್ಲಿ ತೊಗಲು ನೆನೆಹಾಕಿ ಹದ ಮಾಡುವುದು ತಲೆತಲಾಂತರದ ಕಸುಬು. ಶರಣರ ಕಾಲದಿಂದ ಇದೇ ಊರಿನಲ್ಲಿ ಇರುವ ಮಂದಿ ನಾವು ಎಂದು ಅಪ್ಪ ಎದೆಯುಬ್ಬಿಸಿ ಹೇಳುತ್ತಿದ್ದ. ಊರವರು ಮಾತ್ರ ನಮ್ಮ ಗಲ್ಲಿ ದಾಟುವಾಗ ಮೂಗು ಮುಚ್ಚಿಕೊಳ್ಳುತ್ತಿದ್ದರು.

ನಲವತ್ತೇಳರ ಚಳಿಗಾಲದಲ್ಲಿ ಆ ಗಲ್ಲಿಗೆ ಒಬ್ಬ ಇಂಗ್ಲಿಷ್ ದೊರೆ ಮೂಗು ಮುಚ್ಚಿಕೊಳ್ಳದೆ ನಡೆದು ಬಂದರು. ಥಾರ್ನ್‌ಬಿ ಎಂದು ಅವರ ಹೆಸರು. ನಮ್ಮ ಕಡೆಯವರ ನಾಲಿಗೆಗೆ ಅದು ಹೊರಳದೆ ಅವರು ಹಕ್ಕಿ ಸಾಹೇಬರಾದರು. ದೂರದ ಒಂದು ದೊಡ್ಡ ಶಹರದ ಅಜಾಯಬ್‌ಖಾನೆಗೆ ಬಹಳ ವರ್ಷ ಡೈರೆಕ್ಟರ್ ಆಗಿದ್ದು ನಿವೃತ್ತರಾದವರು. ಜೊತೆಯವರೆಲ್ಲ ಹಡಗು ಹತ್ತಿ ಹೋಗುತ್ತಿದ್ದ ವರ್ಷ ಅವರು ಹುಮನಾಬಾದಿನಲ್ಲಿ ಒಂದು ಹಳೆಯ ಬಂಗಲೆ ಬಾಡಿಗೆಗೆ ಹಿಡಿದರು, ಕಲ್ಯಾಣಿಯ ಕೋಟೆಯ ಹತ್ತಿರ ಸಾಮಾನು ಇಡಲು ಇನ್ನೊಂದು ಮನೆ ಹಿಡಿದರು.

“ತೆಳು ತೊಗಲಿನ ಕೆಲಸ ಯಾರಿಗಿ ಬರ್ತದ?” ಎಂದು ಕೇಳಿದರು. ಕುರುಬರ ಜೊತೆ ತಿರುಗಿ ಕಲಿತ ಕನ್ನಡ ಅದು, ನಡುನಡುವೆ ದಖನಿ ಉರ್ದು.

ಅಪ್ಪ ಬಾಯಿ ತೆರೆಯುವ ಮೊದಲೇ ನಾನು, “ನನಗ ಬರ್ತದರಿ,” ಎಂದೆ. ಆಗ ನನಗೆ ಇಪ್ಪತ್ತನಾಲ್ಕು ವರ್ಷ. ಬರದ ಕೆಲಸವನ್ನು ಬರುತ್ತದೆ ಎನ್ನುವುದು ನನ್ನ ಹುಟ್ಟುಗುಣ. ಅದೇ ಗುಣ ಮುಂದೆ ನನ್ನ ಕುತ್ತಿಗೆಗೆ ಬಂತು.

ಅವರು ಕೊಟ್ಟ ಮೊದಲ ಹಕ್ಕಿ ಒಂದು ಗುಬ್ಬಿ. ಎಮ್ಮೆ ಸುಲಿದ ಕೈಗೆ ಗುಬ್ಬಿ ಎಷ್ಟರದು ಎಂದುಕೊಂಡು ಕತ್ತಿ ಹಾಕಿದೆ. ಅರ್ಧ ತಾಸಿಗೆ ನನ್ನ ಅಂಗೈಯಲ್ಲಿ ಉಳಿದದ್ದು ನಾಲ್ಕು ಗರಿ, ಒಂದು ಕೊಕ್ಕು. ಸಾಹೇಬರು ಕನ್ನಡಕ ಸರಿಮಾಡಿಕೊಂಡು ನೋಡಿದರು.

“ಇದು ಸಾರಿಗಿ ಆಯ್ತು,” ಎಂದರು. “ಇನ್ನೊಂದು ತಗೋ.”

ಒಂಬತ್ತನೆಯ ಗುಬ್ಬಿ ಗುಬ್ಬಿಯ ಹಾಗೆ ಕಂಡಿತು. ಹೊಟ್ಟೆಯ ಮೇಲೆ ಸಣ್ಣ ಗೆರೆ ಕೊಯ್ದು, ಅಂಗಿಯ ತೋಳು ಒಳಮಗ್ಗುಲಾಗಿ ಕಳಚುವ ಹಾಗೆ ತೊಗಲು ಕಳಚಬೇಕು. ರಕ್ತ ಗರಿಗೆ ತಾಗದಂತೆ ಜೋಳದ ಹಿಟ್ಟು ಉದುರಿಸುತ್ತ ಇರಬೇಕು. ಹುಳ ಹತ್ತದಂತೆ ಒಳಗೆ ಪಾಷಾಣದ ಸಾಬೂನು ಸವರಿ, ಹತ್ತಿ ತುಂಬಿ, ಕಣ್ಣಿನ ಜಾಗದಲ್ಲಿ ಬಿಳಿ ಹತ್ತಿಯ ಉಂಡೆ ಇಟ್ಟು, ಕಾಲು ಅಡ್ಡ ಇಟ್ಟು ಕಟ್ಟಬೇಕು. ಹಿಟ್ಟು ನಮ್ಮ ಮನೆಯದೇ. ಅರ್ಧ ಹಿಟ್ಟು ನಿನ್ನ ಹಕ್ಕಿಗೆ, ಅರ್ಧ ಹಿಟ್ಟು ರೊಟ್ಟಿಗೆ ಎಂದು ಭಾಗಮ್ಮ ಗೊಣಗುತ್ತಿದ್ದಳು. ಹಿಟ್ಟಿನ ಡಬ್ಬಿ, ಪಾಷಾಣದ ಡಬ್ಬಿ ಎಂದೂ ಒಂದೇ ಕಪಾಟಿನಲ್ಲಿ ಇಡಬಾರದು ಎಂದು ಸಾಹೇಬರು ಅವಳ ಎದುರಿಗೇ ನನಗೆ ಆಣೆ ಹಾಕಿಸಿದ್ದರು.

ಈಗಿನವರಿಗೆ ಪಾಷಾಣ ಎಂದರೆ ಪುಸ್ತಕದ ಮಾತು. ನಮಗೆ ಅದು ಉಗುರು ಸಂದಿನ ವಿಷ. ಅದರ ಒಂದು ತಪ್ಪು ಹೇಳಿಬಿಡುತ್ತೇನೆ. ಕಲ್ಯಾಣಿಯ ಒಂದು ಮಠದ ಅಯ್ಯನವರು ಕುಳಿತುಕೊಳ್ಳಲು ಜಿಂಕೆ ತೊಗಲು ಬೇಕೆಂದು ಹೇಳಿಕಳಿಸಿದರು. ಢೋರನ ಕೈ ಮುಟ್ಟಿದರೂ ಜಿಂಕೆ ತೊಗಲಿಗೆ ಮೈಲಿಗೆ ಇಲ್ಲವಂತೆ, ನನಗೂ ಅಂದೇ ತಿಳಿದದ್ದು. ಸಾಹೇಬರು ಬೇಡವೆಂದು ಬದಿಗಿಟ್ಟ ಒಂದನ್ನು ಹೆಮ್ಮೆಯಿಂದ ಕೊಟ್ಟುಕಳಿಸಿದೆ. ಅದಕ್ಕೆ ಪಾಷಾಣ ಸವರಿದ್ದು ನಾನೇ, ಮರೆತವನೂ ನಾನೇ. ವಾರದೊಳಗೆ ಅಯ್ಯನವರಿಗೆ ಕೂರಲಾಗದಂಥ ತುರಿಕೆ. ಸಾಹೇಬರಿಗೆ ಗೊತ್ತಾಗಿ, ನೀನೇ ಹೋಗಿ ನೀನೇ ಹೇಳಿ ವಾಪಸು ತಾ ಎಂದರು. ಹೋದೆ. ಮಠದ ಬಾಗಿಲ ಹೊರಗೆ ನಿಂತು ಎಲ್ಲ ಒಪ್ಪಿಕೊಂಡೆ.

ಅಯ್ಯನವರು ನಿಂತುಕೊಂಡೇ ಕೇಳಿಸಿಕೊಂಡರು. “ವಿಷ ಅದ ಅಂತ ಮೊದಲ ಹೇಳಿದ್ರ ಕಾಳಿನ ಖೋಲ್ಯಾಗ ಹಾಸ್ತಿದ್ದೆ, ಇಲಿಯರ ಸಾಯ್ತಿದ್ವು,” ಎಂದರು.

ಆ ತಪ್ಪು ಒಪ್ಪಿಕೊಳ್ಳುವುದು ಸುಲಭವಾಗಿತ್ತು. ನಗೆಯಲ್ಲಿ ಮುಗಿಯುವ ತಪ್ಪುಗಳು ಯಾವಾಗಲೂ ಸುಲಭ.

ನಮ್ಮ ಜೊತೆಗಿದ್ದ ಮೂರನೆಯವರು ಖಾದರ್ ಮುನ್ಷಿ. ಕಲ್ಯಾಣಿಯ ಹಳೆಯ ಮನೆತನ, ಐವತ್ತು ದಾಟಿದ ಮನುಷ್ಯ, ಮುತ್ತು ಪೋಣಿಸಿದಂಥ ಅಕ್ಷರ. ಉರ್ದು, ಇಂಗ್ಲಿಷು, ಕನ್ನಡ, ಮೂರನ್ನೂ ಬರೆಯುತ್ತಿದ್ದರು. ಹಕ್ಕಿಗಳ ರಿಜಿಸ್ಟರ್ ಅವರ ಕೈಯಲ್ಲಿ, ಚೀಟಿ ಬರೆಯುವುದೂ ಅವರ ಕೆಲಸ. ಲೆಕ್ಕಕ್ಕೆ ನನ್ನ ಮೇಲಿನ ಅಧಿಕಾರಿ ಅವರೇ. ಆದರೆ ಎಂದೂ ಅಧಿಕಾರ ತೋರಿಸಿದವರಲ್ಲ, ನನ್ನ ಪಕ್ಕ ಕುಳಿತು ನನ್ನ ರೊಟ್ಟಿ ಮುರಿದು ತಿಂದವರು.

ಚೀಟಿ ಎಂದರೆ ಏನೆಂದು ಹೇಳಬೇಕು. ಯಾವ ಹಕ್ಕಿ ಸಿಕ್ಕರೂ ಅದರ ಕಾಲಿಗೆ ದಾರದಿಂದ ಒಂದು ಗಟ್ಟಿ ಕಾಗದದ ಚೀಟಿ ಕಟ್ಟುತ್ತೇವೆ. ಎಲ್ಲಿ ಸಿಕ್ಕಿತು, ಯಾವ ದಿನ, ಗಂಡೋ ಹೆಣ್ಣೋ, ಒಂದು ನಂಬರು. ಅದೇ ನಂಬರು ರಿಜಿಸ್ಟರಿನಲ್ಲೂ ಇರುತ್ತದೆ.

“ಹಕ್ಕಿ ಕೊಳೆತರ ಕೊಳೀಲಿ ಮಾಣಿಕಪ್ಪ, ಚೀಟಿ ಮೊದಲ ಕಟ್ಟು,” ಎನ್ನುತ್ತಿದ್ದರು ಸಾಹೇಬರು. “ಚೀಟಿ ಇಲ್ಲಂದ್ರ ಅದು ಹತ್ತಿ ತುಂಬಿದ ಗೊಂಬಿ.”

ಅಜಾಯಬ್‌ಖಾನೆಯಲ್ಲಿ ಅವರ ಬದುಕು ಹೇಗಿತ್ತು ಎನ್ನುವುದು ಅವರು ಆಗೊಮ್ಮೆ ಈಗೊಮ್ಮೆ ಬಿಟ್ಟುಕೊಟ್ಟ ಮಾತುಗಳಿಂದ ನನಗೆ ಗೊತ್ತು. ಹಬ್ಬದ ದಿನ ಜನ ಸಾಲುಗಟ್ಟಿ ಬರುತ್ತಿದ್ದದ್ದು ಎರಡು ತಲೆಯ ಕರು ನೋಡಲು. ಅದರ ಹಿಂದಿನ ಕೋಣೆಯಲ್ಲಿ, ಕಪಾಟಿನ ಒಳಗೆ, ಅವರು ಹದಿಹರೆಯ ಕಳೆದು ಈ ದೇಶಕ್ಕೆ ಬಂದಾಗಿನಿಂದ ಕೂಡಿಸಿದ ಸಾವಿರಾರು ಹಕ್ಕಿಗಳಿದ್ದವು. ಅವನ್ನು ನೋಡಲು ಯಾರೂ ಬರುತ್ತಿರಲಿಲ್ಲ. “ಕರು ಡೈರೆಕ್ಟರ್, ನಾ ಅದರ ಕಾರಕೂನ,” ಎಂದು ನಗುತ್ತಿದ್ದರು. ಮೇಲಿನವರಿಗೆ ವರದಿ ಬರೆಯುವುದು, ಗೆದ್ದಲಿನ ಕೂಡ ಜಗಳ ಆಡುವುದು, ಗಾಜು ಒರೆಸುವುದು, ಇದರಲ್ಲೇ ವಯಸ್ಸು ಹೋಯಿತು. ಹೆಂಡತಿ ಯುದ್ಧಕ್ಕಿಂತ ಮೊದಲೇ ವಿಲಾಯತಿಗೆ ಹೋದವಳು ತಿರುಗಿ ಬರಲಿಲ್ಲ. ತಮ್ಮದೇ ಒಂದು ಪ್ರಶ್ನೆಯನ್ನು ಯೌವನದಿಂದ ಹೊತ್ತುಕೊಂಡು ತಿರುಗಿದ್ದರು, ಅದಕ್ಕೆ ಪುರುಸೊತ್ತು ಸಿಕ್ಕಿದ್ದು ನಮ್ಮ ಸೀಮೆಗೆ ಬಂದ ಮೇಲೆ.

ಪ್ರಶ್ನೆ ಇಷ್ಟೇ. ಚಂಡೋಲ ಎಂಬ ಹಕ್ಕಿಯನ್ನು ನೀವು ನೋಡಿರುತ್ತೀರಿ. ಗುಬ್ಬಿಗಿಂತ ಸ್ವಲ್ಪ ದೊಡ್ಡದು, ತಲೆಯ ಮೇಲೆ ಜುಟ್ಟು, ಹೊಲದಲ್ಲಿ ಓಡಾಡುತ್ತ ಇದ್ದದ್ದು ಇದ್ದಕ್ಕಿದ್ದಂತೆ ಮೇಲೇರಿ ಹಾಡುತ್ತದೆ. ಹುಮನಾಬಾದಿನಿಂದ ನಿರ್ಣಾ ಕಡೆಗೆ ಹೋದರೆ ಮಣ್ಣು ಕೆಂಪು, ಮಸಾರಿ. ಕಲ್ಯಾಣಿಯ ಕಡೆ ಬಂದರೆ ಎರೆ, ಕಪ್ಪು. ಕೆಂಪು ಮಣ್ಣಿನ ಚಂಡೋಲದ ಬೆನ್ನು ಕೆಂಪಗೂ ಕರಿ ಮಣ್ಣಿನದರ ಬೆನ್ನು ಕಂದಾಗಿಯೂ ಇರುತ್ತದೆಯೇ? ಇದ್ದರೆ, ಒಂದೇ ದಿನದ ದಾರಿಯಲ್ಲಿ ಎರಡು ಜಾತಿ ಬೇರೆಯಾಗಿವೆ ಎಂದಾಯಿತು. ಅದನ್ನು ತೋರಿಸಿಯೇ ಈ ದೇಶ ಬಿಡಬೇಕು ಎನ್ನುವುದು ಸಾಹೇಬರ ಹಟ. ಆ ಚಳಿಗಾಲದಲ್ಲಿ ಎರಡೂ ಕಡೆ ತಿರುಗಿ ಮೂವತ್ತೆರಡು ಚಂಡೋಲ ಹೊಡೆದರು, ಅಲ್ಲಿ ಹದಿನಾರು, ಇಲ್ಲಿ ಹದಿನಾರು. ಸುಲಿದವನು ನಾನು. ನನ್ನ ಕೈಯಲ್ಲಿ ಹೋದ ಹಕ್ಕಿ ಎಲ್ಲಿಯದು ಎಂದು ನೂರು ವರ್ಷವಾದರೂ ಹೇಳುತ್ತೇನೆ ಎಂದು ಎಲ್ಲರೆದುರು ಕೊಚ್ಚಿಕೊಳ್ಳುತ್ತಿದ್ದೆ.

ಆ ಚಳಿಗಾಲದಲ್ಲೇ ಸಂಸ್ಥಾನದ ಗಡಿ ಬಿಗಿಯಾಗತೊಡಗಿತ್ತು, ನಲವತ್ತೆಂಟರಲ್ಲಿ ಪೂರ್ತಿ ಬಿಗಿಯಾಯಿತು. ಹೊರಗಿನಿಂದ ಸಾಮಾನು ಬರುವುದು ನಿಂತಿತು. ಸೀಮೆಎಣ್ಣೆ ಇಲ್ಲ, ಔಷಧ ಇಲ್ಲ. ನಮಗೆ ನೆಟ್ಟಗೆ ತಾಗಿದ್ದು ಶಾಯಿ. ನೀರಿಗೆ ಅಳಿಸದ ವಿಲಾಯತಿ ಶಾಯಿ ಮುಗಿದುಹೋಗಿತ್ತು. ಮುನ್ಷಿಜಿ ಮನೆಯಲ್ಲಿ ದೀಪದ ಕಾಡಿಗೆ, ಬೇವಿನ ಅಂಟು ಅರೆದು ತಾವೇ ಶಾಯಿ ಮಾಡಿಕೊಂಡರು, ಚಂಡೋಲಗಳ ಚೀಟಿ ಬರೆದದ್ದೆಲ್ಲ ಅದರಲ್ಲೇ. ಅವರ ಅಜ್ಜ ಅದೇ ಶಾಯಿಯಲ್ಲಿ ಬರೆದ ಕಾಗದಗಳು ಇನ್ನೂ ಕರ್ರಗೆ ಇವೆ ಎಂದು ತೋರಿಸಿದರು. ಖರೆ, ಒಣಗಿದ ಕಪಾಟಿನಲ್ಲಿ ಇರುವ ತನಕ ಕರ್ರಗೇ ಇರುತ್ತದೆ.

ಆ ವರ್ಷ ಮೊದಲು ಒಂದು ಕಡೆಯ ಮನೆಗಳು ಹೆದರಿದವು, ಸೆಪ್ಟೆಂಬರಿನಲ್ಲಿ ಫೌಜು ಬಂದು ಸಂಸ್ಥಾನ ಬಿದ್ದ ಮೇಲೆ ಇನ್ನೊಂದು ಕಡೆಯವು. ಯಾರು ಯಾರಿಗೆ ಏನು ಮಾಡಿದರು ಎನ್ನುವುದನ್ನು ಬರೆಯಬೇಕಾದವನು ನಾನಲ್ಲ. ಮುನ್ಷಿಜಿಯ ತಮ್ಮ ಹೊಲಕ್ಕೆ ಹೋದವರು ಮನೆಗೆ ಬರಲಿಲ್ಲ, ಇಷ್ಟನ್ನು ಮಾತ್ರ ಹೇಳುತ್ತೇನೆ. ಸಾಹೇಬರು ಆಗ ಹುಮನಾಬಾದಿನ ಬಂಗಲೆಯಲ್ಲಿ ಜ್ವರ ಹಿಡಿದು ಮಲಗಿದ್ದರು. ಮುನ್ಷಿಜಿಯನ್ನೂ ಅವರ ತಾಯಿ, ಹೆಂಡತಿಯನ್ನೂ ಹೇಗಾದರೂ ಅಲ್ಲಿಗೆ ಮುಟ್ಟಿಸಬೇಕಾಗಿತ್ತು. ಅಪ್ಪನ ಗಾಡಿಗೆ ತಟ್ಟಿ ಕಟ್ಟಿ, ಒಳಗೆ ಆ ಮೂವರನ್ನು ಕೂರಿಸಿ, ಎದುರಿಗೆ ಕೋಟೆ ಹತ್ತಿರದ ಮನೆಯಲ್ಲಿದ್ದ ಹಕ್ಕಿಗಳ ಟ್ರಂಕು ಅಡ್ಡ ಇಟ್ಟು, ಅದರ ಮೇಲೆ ನಾಲ್ಕು ಹಸಿ ತೊಗಲು ಹಾಸಿ ಬೆಳಿಗ್ಗೆಯೇ ಹೊರಟೆ.

ಊರು ದಾಟಿ ಎರಡು ಹರದಾರಿ ಹೋಗಿರಲಿಲ್ಲ, ಬಡಿಗೆ ಹಿಡಿದ ನಾಲ್ಕೈದು ಜನ ಗಾಡಿ ತರುಬಿದರು.

“ಎಲ್ಲಿಗಿ ಹೊಂಟೀದಿ? ಒಳಗ ಏನದ?”

“ತೊಗಲದರಿ. ಟ್ರಂಕಿನ್ಯಾಗ ಸಾಹೇಬರ ಸತ್ತ ಹಕ್ಕಿ ಅವ.”

“ತೆಗಿ, ನೋಡ್ತೀವಿ.”

ಮುಚ್ಚಳ ತೆಗೆದೆ. ಸಾಲಾಗಿ ಅಂಗಾತ ಮಲಗಿದ ಹಕ್ಕಿಗಳು, ಕಣ್ಣಿನ ಜಾಗದಲ್ಲಿ ಬಿಳಿ ಹತ್ತಿ. ಮುಂದೆ ನಿಂತವನು ಒಂದು ಹೆಜ್ಜೆ ಹಿಂದೆ ಸರಿದ. “ವಿಷ ಹಚ್ಚೀವರಿ, ಮುಟ್ಟಬ್ಯಾಡ್ರಿ,” ಎಂದೆ. ಹಸಿ ತೊಗಲಿನ ನಾತ ಬೇರೆ. ಇವ ಢೋರ ಇದ್ದಾನ, ಬಿಡ್ರಲೇ ಎಂದು ಯಾರೋ ಅಂದರು. ನಮ್ಮ ಜಾತಿಯಿಂದ ಜೀವಮಾನದಲ್ಲಿ ನನಗೆ ಆದ ಉಪಕಾರ ಅದೊಂದೇ. ಟ್ರಂಕಿನ ಹಿಂದೆ ಮೂರು ಜನ ಉಸಿರು ಬಿಗಿಹಿಡಿದು ಕುಳಿತಿದ್ದರು, ಆ ಮುದುಕಿಯ ಜಪಮಣಿಯ ಸದ್ದು ನನಗೊಬ್ಬನಿಗೇ ಕೇಳುತ್ತಿತ್ತು.

ದೊಡ್ಡ ದಾರಿಯಲ್ಲಿ ಇನ್ನೂ ಇಂಥವರು ಇರಬಹುದೆಂದು ಗಾಡಿಯನ್ನು ಹೊಲದ ದಾರಿಗೆ ಇಳಿಸಿ ನಾಲಾ ದಾಟಿಸಿದೆ. ಮಳೆಗಾಲದ ನೀರು, ಅಚ್ಚಿನ ತನಕ ಬಂತು. ಎತ್ತುಗಳು ದಾಟಿದವು, ನಾವೂ ದಾಟಿದೆವು. ಹುಮನಾಬಾದು ಮುಟ್ಟಿದಾಗ ಸಾಹೇಬರು ಜ್ವರದಲ್ಲೇ ಎದ್ದು ಬಂದು ಮುನ್ಷಿಜಿಯ ತಾಯಿಯ ಕೈ ಹಿಡಿದು ಇಳಿಸಿಕೊಂಡರು. ಹಕ್ಕಿಗಳ ಸುದ್ದಿಯನ್ನೇ ಅವರು ಎತ್ತಲಿಲ್ಲ.

ಮಾರನೆಯ ದಿನ ಟ್ರಂಕು ತೆಗೆದೆವು. ಹಕ್ಕಿ ಮಲಗಿಸುವ ಹಲಗೆಗಳಲ್ಲಿ ಮೇಲಿನವು ಸರಿಯಾಗಿದ್ದವು. ಎಲ್ಲಕ್ಕೂ ಕೆಳಗಿನ ಹಲಗೆಗೆ ನೀರು ಹೋಗಿತ್ತು. ಅದು ಚಂಡೋಲಗಳ ಹಲಗೆ. ಹಕ್ಕಿಗಳನ್ನು ಒಣಗಿಸಬಹುದಾಗಿತ್ತು, ಒಣಗಿಸಿದೆವು. ಚೀಟಿಗಳ ಮೇಲೆ ಮಾತ್ರ ಬೂದು ಕಲೆ ಬಿಟ್ಟು ಒಂದು ಅಕ್ಷರ ಇರಲಿಲ್ಲ. ರಿಜಿಸ್ಟರು ಒಣಗೇ ಇತ್ತು. ಆದರೆ ಯಾವ ಹಕ್ಕಿಯ ಕಾಲಿನಲ್ಲಿ ಯಾವ ನಂಬರು ಇತ್ತು ಎನ್ನುವುದೇ ಅಳಿಸಿದ ಮೇಲೆ ರಿಜಿಸ್ಟರು ತೆಗೆದುಕೊಂಡು ಏನು ಮಾಡುವುದು?

ಮುನ್ಷಿಜಿ ನೆಲದ ಮೇಲೆ ಕುಳಿತುಬಿಟ್ಟರು. “ನನ್ ಶಾಯಿ ಮಾಡಿದ್ ಕೆಲಸ ಇದು, ಬೇಟಾ. ತಮ್ಮ ಹ್ವಾದ, ಮನಿ ಹ್ವಾತು. ಈಗ ಸಾಹೇಬ್ರ ಮುಂದ ಮುಖನೂ ಹ್ವಾತು.”

ಸಾಹೇಬರು ಹಿಂದಿನ ದಿನವಷ್ಟೇ ಮನೆ ಬಿಟ್ಟು ಬಂದ ಮನುಷ್ಯನನ್ನು ಬೈಯುವವರಲ್ಲ. ಅದು ನನಗೂ ಗೊತ್ತಿತ್ತು, ಮುನ್ಷಿಜಿಗೂ ಗೊತ್ತಿತ್ತು. ಆ ಹೊತ್ತು ಹೋಗಿ ಹೇಳಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಮುನ್ಷಿಜಿ ನನ್ನ ಮುಖ ನೋಡಿ, “ನಿನಗ ಎಲ್ಲಾ ನೆನಪ ಇರ್ತದಲ್ಲ? ಯಾವಾಗ್ಲೂ ಹೇಳ್ತಿ,” ಎಂದರು.

ಇಲ್ಲ ಎನ್ನಲು ನನ್ನ ನಾಲಿಗೆ ಏಳಲಿಲ್ಲ. “ಇರ್ತದರಿ ಮುನ್ಷಿಜಿ,” ಎಂದೆ. “ನಾ ಹೇಳ್ತೀನಿ, ನೀವ ಬರೀರಿ.”

ನಿಜ ಹೇಳಬೇಕೆಂದರೆ ನನಗೆ ನೆನಪಿರಲಿಲ್ಲ. ಮೂವತ್ತೆರಡು ಚಂಡೋಲವನ್ನು ಯಾವ ಮನುಷ್ಯ ಬೇರೆ ಬೇರೆಯಾಗಿ ನೆನಪಿಡುತ್ತಾನೆ? ಆದರೆ ನನಗೆ ಸಾಹೇಬರ ಮಾತು ನೆನಪಿತ್ತು. ಕೆಂಪು ಹಕ್ಕಿ ಕೆಂಪು ಮಣ್ಣಿನದು, ಕಂದು ಹಕ್ಕಿ ಎರೆಯದು. ಅವರೇ ಹೇಳಿದ ಮೇಲೆ ಅದು ಸುಳ್ಳಾಗುತ್ತದೆಯೇ? ಒಂದೊಂದೇ ಹಕ್ಕಿ ಎತ್ತಿ, ಬೆನ್ನು ನೋಡಿ, ಇದು ನಿರ್ಣಾದ್ದು, ಇದು ಕಲ್ಯಾಣಿದು ಎನ್ನುತ್ತ ಹೋದೆ. ಮುನ್ಷಿಜಿ ಬರೆಯುತ್ತ ಹೋದರು. ಅಷ್ಟರಲ್ಲಿ ಒಂದು ಹಕ್ಕಿ ಕೈಗೆ ಬಂತು. ಬೆನ್ನು ಇಟ್ಟಿಗೆಯ ಹಾಗೆ ಕೆಂಪು. ಎದೆಯ ಮೇಲೆ ನಾನೇ ಹಾಕಿದ ನಾಲ್ಕು ಹೊಲಿಗೆ. ಆ ಹಕ್ಕಿಯ ಎದೆಯಲ್ಲಿ ಹಳೆಯ ಜಾಲಿಮುಳ್ಳು ಮುರಿದು ಒಳಗೇ ಮಾಯ್ದಿತ್ತು. ಅದನ್ನು ತೆಗೆಯುವಾಗ ತೊಗಲು ಹರಿದು, ಸಾಹೇಬರಿಗೆ ಕಾಣದಂತೆ ಹೊಲಿದಿದ್ದೆ. ಅದು ಎಲ್ಲಿಯದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಕಲ್ಯಾಣಿಯ ತ್ರಿಪುರಾಂತದ ಆಚೆ, ಅಪ್ಪಟ ಎರೆ ಹೊಲ. ಅಂದೇ ನಾನು, ಕರಿ ಹೊಲದಾಗ ಇದು ಎಂಥ ಕೆಂಪು ಹಕ್ಕಿ ಎಂದುಕೊಂಡಿದ್ದೆ.

“ಇದು ಎಲ್ಲಿದು?” ಎಂದರು ಮುನ್ಷಿಜಿ.

“ನಿರ್ಣಾದ್ದು,” ಎಂದೆ.

ಕೊನೆಗೆ ಎಣಿಸಿದರೆ ನಿರ್ಣಾದವು ಹದಿನೇಳು ಆದವು. ರಿಜಿಸ್ಟರಿನಲ್ಲಿ ಹದಿನಾರು. ಅಷ್ಟು ಕೆಂಪೂ ಅಲ್ಲದ, ಅಷ್ಟು ಕಂದೂ ಅಲ್ಲದ ಒಂದನ್ನು ಆರಿಸಿ ಕಲ್ಯಾಣಿಯ ಕಡೆಗೆ ತಳ್ಳಿದೆ. ಲೆಕ್ಕ ಸರಿಹೋಯಿತು.

ಇಲ್ಲಿ ಸ್ವಲ್ಪ ನಿಂತು ಇನ್ನೊಂದು ಮಾತು ಹೇಳುತ್ತೇನೆ. ಮುಂದೆ ನಾನು ಅಜಾಯಬ್‌ಖಾನೆಯ ನೌಕರಿಗೆ ಸೇರಿ ಮೂರು ದಶಕ ಕಳೆದೆ. ನನ್ನ ಕಣ್ಣೆದುರೇ ಪಾಷಾಣ ಹೋಗಿ ಟಂಕಣಖಾರ ಬಂತು, ಬಂದೂಕು ಹೋಗಿ ಬಲೆ ಬಂತು. ಈಗ ಹಕ್ಕಿಯನ್ನು ಹಿಡಿದು, ಕಾಲಿಗೆ ಬಳೆ ತೊಡಿಸಿ, ಹಾರಿಬಿಡುತ್ತಾರೆ. ನನಗೆ ಅದು ಬಹಳ ಇಷ್ಟ. ನಾನು ಸುಲಿದ ಹಕ್ಕಿಗಳ ಲೆಕ್ಕ ಹಾಕಲು ಹೋಗಿ ಕೆಲವು ಸಲ ನಡುವೆಯೇ ಬಿಡುತ್ತೇನೆ. ಆದರೆ ವಿಧಾನ ಎಷ್ಟು ಬದಲಾದರೂ, ಬರುವ ಉತ್ತರ ಮೊದಲೇ ಗೊತ್ತಿದ್ದರೆ ಕಣ್ಣು ಅದನ್ನೇ ನೋಡುತ್ತದೆ. ಬಲೆ ಹಿಡಿದವನ ಕಣ್ಣೂ ಅಷ್ಟೇ, ಬಂದೂಕು ಹಿಡಿದವನ ಕಣ್ಣೂ ಅಷ್ಟೇ.

ಜ್ವರ ಬಿಟ್ಟ ಮೇಲೆ ಸಾಹೇಬರು ಚಂಡೋಲಗಳನ್ನು ಮೇಜಿನ ಮೇಲೆ ಎರಡು ಸಾಲು ಮಾಡಿ ಮಲಗಿಸಿದರು. ಒಂದು ಸಾಲು ಕೆಂಪು, ಒಂದು ಸಾಲು ಕಂದು. ನೋಡಿದಷ್ಟೂ ಅವರಿಗೆ ಸಾಕಾಗದು. ಚೀಟಿಗಳು ಹೊಸವಾಗಿ ಕಾಣುತ್ತವಲ್ಲ ಎಂದು ಕೇಳಿದರು. ಹಳೆಯವು ನೆನೆದಿದ್ದವು, ತಿರುಗಿ ಬರೆದೆವು ಎಂದೆ. ಅದು ಸುಳ್ಳೂ ಅಲ್ಲ. ನಲವತ್ತೊಂಬತ್ತರ ಇಡೀ ವರ್ಷ ಅವರು ಅದನ್ನೇ ಅಳೆದು, ಬರೆದು, ತಿದ್ದಿ, ಮತ್ತೆ ಬರೆದರು. ಸಂಜೆಗೆ ಹುಮನಾಬಾದಿನ ಬಜಾರದ ಕಡೆ ಅಡ್ಡಾಡಲು ಹೋದವರು ಕಾಳಿನ ಅಡತಿಯವರಿಗೂ ಹಕ್ಕಿಯ ಬೆನ್ನಿನ ಬಣ್ಣ ವಿವರಿಸಿ ಬರುತ್ತಿದ್ದರು. ಅರವತ್ತು ದಾಟಿದ ಮನುಷ್ಯ ಹಾಗೆ ಹಗುರಾಗಿ ನಡೆದದ್ದನ್ನು ನಾನು ನೋಡಿರಲಿಲ್ಲ. ಮುನ್ಷಿಜಿಯೂ ಸ್ವಲ್ಪ ಚೇತರಿಸಿಕೊಂಡರು. ನನ್ನ ಸುಳ್ಳಿನಿಂದ ಇಬ್ಬರಿಗೆ ಒಳ್ಳೆಯದಾಯಿತು ಎಂದು ಸಮಾಧಾನ ಮಾಡಿಕೊಂಡೆ.

ಐವತ್ತರ ಜನವರಿಯಲ್ಲಿ ಸಾಹೇಬರು ಹೊರಡುವುದು ಗಟ್ಟಿಯಾಯಿತು. ಹಕ್ಕಿಗಳು ಅಜಾಯಬ್‌ಖಾನೆಗೆ, ಬರಹ ವಿಲಾಯತಿಯ ಪತ್ರಿಕೆಗೆ, ಅವರು ಹಡಗಿಗೆ. ಒಂದು ಮಧ್ಯಾಹ್ನ ನನ್ನನ್ನೂ ಮುನ್ಷಿಜಿಯನ್ನೂ ಕೂರಿಸಿಕೊಂಡು ಹೇಳಿದರು.

“ಮೂವತ್ತೆರಡರಾಗ ಒಂದೂ ತಪ್ಪಿಲ್ಲ. ಹಿಂಗ ಚೊಕ್ಕ ಎಂದೂ ನೋಡಿಲ್ಲ ನಾ. ಕೆಂಪು ಮಣ್ಣಿನ ಚಂಡೋಲಕ್ಕ ಹೊಸ ಹೆಸರ ಇಡಬೇಕು. ಮಾಣಿಕಪ್ಪ, ನಿನ್ನ ಹೆಸರ ಇಡ್ತೀನಿ. ದುನಿಯಾದ ಎಲ್ಲಾ ಪುಸ್ತಕದಾಗ ಬರ್ತದ.”

ಮುನ್ಷಿಜಿ ನನ್ನ ಬೆನ್ನು ತಟ್ಟಿದರು. ನಾನು ನಕ್ಕೆನೋ ಇಲ್ಲವೋ ನೆನಪಿಲ್ಲ. ಮನೆಗೆ ಬಂದು ಊಟಕ್ಕೆ ಕುಳಿತಾಗ ಭಾಗಮ್ಮನಿಗೆ ಎಲ್ಲ ಹೇಳಿದೆ, ಮುಳ್ಳು ಚುಚ್ಚಿದ ಹಕ್ಕಿಯನ್ನೂ ಬಿಡದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

“ನಾಳಿ ಅವರ ದೇಶದಾಗ ಯಾವನರೆ ಇದು ಖೊಟ್ಟಿ ಅಂತ ಕಂಡಹಿಡದ್ರ ಯಾರ ಮಾರಿಗಿ ಮಸಿ ಹತ್ತತದ? ನಿನಗಲ್ಲ. ನೀ ಇಲ್ಲಿ ಇರ್ತಿ. ಆ ಮುದುಕಗ.”

“ಹೇಳಿದ್ರ ನನ್ನ ನೌಕರಿ ಹೋಗ್ತದ. ಅಜಾಯಬ್‌ಖಾನಿಗಿ ನನ್ನ ಸಲುವಾಗಿ ಚಿಟ್ಠಿ ಬರೀತೀನಿ ಅಂದಾರ.”

“ಹೋದ್ರ ತೊಗಲ ಅವ,” ಎಂದಳು. “ಎಮ್ಮಿ ಸಾಯೂದೇನ್ ನಿಂತದ?”

ಮರುದಿನ ಬಂಗಲೆಗೆ ಹೋದಾಗ ಸಾಹೇಬರು ಹಲಗೆಗಳಿಗೆ ಹತ್ತಿ ಹಾಸುತ್ತಿದ್ದರು. ಬರಹ ಲಕೋಟೆಯಲ್ಲಿ ಮೇಜಿನ ಮೇಲೆ ಇತ್ತು. ನಾನು ನಿಂತಲ್ಲೇ ಹೇಳಲು ಶುರು ಮಾಡಿದೆ. ನಾಲಾ, ಅಳಿಸಿದ ಚೀಟಿ, ಬೆನ್ನು ನೋಡಿ ಹೇಳಿದ ಊರು, ಎಣಿಕೆ ಸರಿಮಾಡಿದ್ದು. ಮಠದ ಬಾಗಿಲಲ್ಲಿ ಹೇಳಿದಷ್ಟು ಸಲೀಸಾಗಿ ಮಾತು ಬರಲಿಲ್ಲ. ನಡುವೆ ಮುನ್ಷಿಜಿ ಎದ್ದು, “ಶಾಯಿ ನಂದರಿ ಸಾಹೇಬ್. ಬರದವ ನಾ,” ಎಂದರು. ಸಾಹೇಬರು ಕೈ ಸನ್ನೆಯಿಂದಲೇ ಅವರನ್ನು ಕೂರಿಸಿದರು.

ಹೇಳಿ ಮುಗಿಸಿದೆ. ಸಾಹೇಬರು ಎರಡೂ ಸಾಲಿನ ಹಕ್ಕಿಗಳನ್ನು ಒಂದೊಂದಾಗಿ ಎತ್ತಿ, ಚೀಟಿ ತಿರುಗಿಸಿ ನೋಡಿ ಇಟ್ಟರು. ಬೈಯುತ್ತಾರೆಂದು ಕಾದೆ. ಬೈದಿದ್ದರೆ ನನಗೆ ಆರಾಮಾಗುತ್ತಿತ್ತು. ಅವರ ಮುಖ ಅರ್ಧ ಗಂಟೆಯಲ್ಲಿ ಎಷ್ಟೋ ವರ್ಷ ಮುದುಕಾಯಿತು. ಆ ಮುಖ ನೋಡಲಾಗದೆ ನಾನು ನೆಲ ನೋಡಿದೆ.

“ನಾ ನಿನ್ನ ಮುಂದ ಬಣ್ಣದ ಮಾತ ಆಡಬಾರದಿತ್ತು,” ಎಂದರು ಕೊನೆಗೆ. “ನನಗ ಏನ್ ಬೇಕಾಗಿತ್ತು ಅಂತ ನಿನಗ ಗೊತ್ತಾಗಬಾರದಿತ್ತು. ಅದು ನನ್ನ ತಪ್ಪು.”

ಲಕೋಟೆ ಒಡೆದು ಬರಹ ಹೊರಗೆ ತೆಗೆದರು. ಹರಿಯಲಿಲ್ಲ, ಸುಡಲಿಲ್ಲ, ಮಡಚಿ ಹಾಸಿಗೆಯ ಪೆಟ್ಟಿಗೆಯ ತಳದಲ್ಲಿ ಇಟ್ಟರು. ಜೀವಮಾನದ ಪ್ರಶ್ನೆ ಉತ್ತರವಿಲ್ಲದೆ ಅಲ್ಲಿಗೆ ಹೋಯಿತು. ತಿರುಗಿ ಹೋಗಿ ಹಕ್ಕಿ ಹೊಡೆಯೋಣ ಎಂದು ನಾನು ಅಂದೆ. ಹಡಗು ಹತ್ತು ದಿನದಲ್ಲಿದೆ, ತಮ್ಮ ಕಾಲಲ್ಲಿ ಆ ಹೊಲ ತಿರುಗುವ ಶಕ್ತಿಯೂ ಇಲ್ಲ ಎಂದರು. ಆ ಉತ್ತರ ಏನೆಂದು ನನಗೆ ಇಂದಿಗೂ ಗೊತ್ತಿಲ್ಲ.

ಆಮೇಲೆ ಮುನ್ಷಿಜಿಯನ್ನು ಕರೆದು ಚೀಟಿ ಬರೆಸಲು ಕುಳಿತರು. ಸ್ಥಳ ತಿಳಿಯದು, ಸ್ಥಳ ತಿಳಿಯದು, ಸ್ಥಳ ತಿಳಿಯದು. ಒಂದೊಂದಕ್ಕೂ ಹಳೆಯದನ್ನು ಕತ್ತರಿಸಿ ಹೊಸದನ್ನು ನಾನು ಕಟ್ಟಿದೆ. ಆ ಎರಡು ಮಾತು ಮುನ್ಷಿಜಿ ಅಷ್ಟು ಸಲ ಬರೆಯುವುದನ್ನು ನೋಡುವಷ್ಟು ದೊಡ್ಡ ಶಿಕ್ಷೆ ನನಗೆ ಯಾವ ಅಧಿಕಾರಿಯೂ ಕೊಟ್ಟಿಲ್ಲ. ಸಾಲಿನ ಕೊನೆಗೆ ಹೊಲಿಗೆಯ ಹಕ್ಕಿ ಬಂತು. ಸಾಹೇಬರು ಅದನ್ನು ತಮ್ಮ ಅಂಗೈ ಮೇಲೆ ಮಲಗಿಸಿಕೊಂಡು ಎದೆಯ ಗರಿ ಸರಿಸಿ ನೋಡಿದರು.

“ಇದೊಂದು ನಿನಗ ಖರೇನ ನೆನಪದ?”

“ಅದರಿ. ತ್ರಿಪುರಾಂತದ ಎರಿ ಹೊಲ. ಆದ್ರ ನನ್ನ ಮಾತ ಇನ್ನ ಯಾರ ನಂಬ್ತಾರ್ರಿ?”

ಸಾಹೇಬರು ಮುನ್ಷಿಜಿಯ ಕೈಯಿಂದ ಲೇಖನಿ ತೆಗೆದುಕೊಂಡು ಆ ಚೀಟಿಯನ್ನು ತಾವೇ ಬರೆದರು, ಕೆಳಗೆ ಸಹಿ ಹಾಕಿದರು. ನನಗೆ ಇಂಗ್ಲಿಷು ಬರುತ್ತಿರಲಿಲ್ಲ. ಮುನ್ಷಿಜಿ ಓದಿ ಹೇಳಿದರು: “ಕರಿ ಮಣ್ಣು, ಕಲ್ಯಾಣಿ, ತ್ರಿಪುರಾಂತದ ಹೊಲ. ಇದನ್ನು ಸುಲಿದ ಮಾಣಿಕಪ್ಪನ ಮಾತಿನ ಮೇಲೆ.”

“ಸಾಹೇಬ್ರ, ನಾ ಸುಳ್ಳ ಹೇಳಿದವರಿ,” ಎಂದೆ.

“ಆ ಮಾತಿನಿಂದ ನಿನಗ ಹೆಸರ ಬರಾಕತ್ತಿತ್ತು,” ಎಂದರು ಅವರು. “ಈ ಮಾತಿನಿಂದ ಏನ್ ಬರಾಕತ್ತದ, ಹೇಳು?”

ಅಳು ಬಂತು, ಮುಚ್ಚಿಡಲೂ ಇಲ್ಲ. ಚೀಟಿ ತೆಗೆದುಕೊಂಡು ಹಕ್ಕಿಯ ಕಾಲಿಗೆ ದಾರ ಸುತ್ತಿದೆ. ಗಂಟು ಎರಡು ಸಲ ಬಿಚ್ಚಿಹೋಯಿತು. ಮೂರನೆಯ ಸಲ ಕಟ್ಟುವ ತನಕ ಸಾಹೇಬರು ಹಕ್ಕಿಯನ್ನು ಅಲುಗಾಡದಂತೆ ಹಿಡಿದುಕೊಂಡಿದ್ದರು.